ಯಂತ್ರ ನಿಂತಾಗ ಸುಂಕದ ಲೆಕ್ಕ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಕಟ್ಟೆಯಲ್ಲಿ ಕುಳಿತ ಸುಂಕದವನಿಗೆ ದಾರಿಹೋಕನ ಕಷ್ಟಸುಖ ಬೇಕಾಗಿಲ್ಲ. ಹೇರಿನಲ್ಲಿ ಏನಿದೆ, ಎಷ್ಟಿದೆ, ಅದರ ಬೆಲೆಯೇನು ಎಂಬಿಷ್ಟೇ ಬೇಕು. ಆದರೂ ಗಾದೆ ಹುಟ್ಟಿದ ಕಾಲದಲ್ಲಿ ಅವನು ಕಣ್ಣೆದುರಿಗೆ ಕುಳಿತ ಮನುಷ್ಯನಾಗಿದ್ದ. ಕೇಳಲಿ ಬಿಡಲಿ, ಅವನಿಗೆ ಎರಡು ಕಿವಿಗಳಿದ್ದವು. ಈಗ ಆ ಕಟ್ಟೆಯ ಕೆಲಸವನ್ನು ಬಹುಮಟ್ಟಿಗೆ ಗಣಕಯಂತ್ರವೇ ಮಾಡುತ್ತಿದೆ. ಆ ಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋದರೆ, ಹಡಗಿನಿಂದ ಇಳಿದ ಸರಕಿನ ಗತಿಯೇನು? ಸರಕಿನ ಧಣಿ ಯಾರ ಬಾಗಿಲಿಗೆ ಹೋಗಬೇಕು? ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ವಿಷಯವನ್ನೇ.

ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಈ ಮಾತಿನಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಈ ಎರಡು ಊರುಗಳಲ್ಲಿ ಸಮುದ್ರವಿಲ್ಲ, ಬಂದರಿಲ್ಲ, ಕಸ್ಟಮ್ಸ್ ಕಚೇರಿಯೂ ಇಲ್ಲ. ಮಳೆ ಕಡಮೆಯಾದ ಸೀಮೆ. ಶೇಂಗಾ ಬೆಳೆದು, ಕುರಿ ಸಾಕಿ, ಮಗ್ಗ ನಡೆಸಿ ಬದುಕಿದ ಜನ. ಆದರೆ ಸ್ವಲ್ಪ ಯೋಚಿಸಿ ನೋಡಿ. ಚಳ್ಳಕೆರೆ ಹೆಸರಾದದ್ದು ಎಣ್ಣೆಯ ಗಿರಣಿಗಳಿಂದ. ಇವತ್ತು ನಮ್ಮ ದೇಶ ಉಪಯೋಗಿಸುವ ಅಡಿಗೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತದೆ: ಇಂಡೊನೇಷ್ಯ, ಮಲೇಷ್ಯಗಳಿಂದ ತಾಳೆ ಎಣ್ಣೆ, ರಷ್ಯ, ಉಕ್ರೇನುಗಳಿಂದ ಸೂರ್ಯಕಾಂತಿ ಎಣ್ಣೆ, ಅರ್ಜೆಂಟೈನದಿಂದ ಸೋಯಾ ಎಣ್ಣೆ. ಮೊಳಕಾಲ್ಮೂರಿನ ಹೆಸರು ನಿಂತಿರುವುದು ರೇಷ್ಮೆ ಸೀರೆಯ ಮೇಲೆ. ರೇಷ್ಮೆಯ ನೂಲಿಗೆ ರಾಮನಗರ, ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆ ಒಂದು ಕಡೆಯಾದರೆ, ಚೀನಾದಿಂದ ಬರುವ ಕಚ್ಚಾ ರೇಷ್ಮೆ ಇನ್ನೊಂದು ಕಡೆ. ಹಾಸಿಗೆ ಒಂದೇ ಸಮನಾದ, ಗಟ್ಟಿಯಾದ ಎಳೆ ಬೇಕೆಂದು ಚೀನಾದ ರೇಷ್ಮೆಯನ್ನು ಬಯಸುವ ನೇಕಾರರು ನಮ್ಮ ನಾಡಿನಲ್ಲಿ ಬಹಳ ಮಂದಿ.

ಆದುದರಿಂದ ಬಂದರಿನಲ್ಲಿ ಬೀಳುವ ಸುಂಕದ ಏರಿಳಿತ ಈ ಊರುಗಳ ಅಂಗಡಿಗೂ ಮಗ್ಗಕ್ಕೂ ಬಂದು ತಟ್ಟುತ್ತದೆ. 2011ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದರು. ಮುಂದೆ ಅದು ಮತ್ತೆ ಏರಿತು. 2021ರ ಆಯವ್ಯಯದಲ್ಲಿ 10ರಿಂದ 15ಕ್ಕೆ ಹೋಯಿತು. ಇಳಿದಾಗ ನೂಲು ಕೊಳ್ಳುವ ನೇಕಾರನಿಗೆ ಸಮಾಧಾನ, ಗೂಡು ಬೆಳೆಯುವ ರೈತನಿಗೆ ಸಂಕಟ. ಏರಿದಾಗ ಇದರ ವಿಪರ್ಯಾಸ. ಎಣ್ಣೆಯ ವಿಷಯವೂ ಹೀಗೆಯೇ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹೊರದೇಶದಿಂದ ಸರಕು ತರಿಸಿದವನು ಸರಕಾರಕ್ಕೆ ಒಂದು ವಿವರಪಟ್ಟಿಯನ್ನು ಒಪ್ಪಿಸಬೇಕು. ಇದಕ್ಕೆ ‘ಬಿಲ್ ಆಫ್ ಎಂಟ್ರಿ’ ಎಂದು ಹೆಸರು. 1962ರ ಕಸ್ಟಮ್ಸ್ ಕಾನೂನಿನ 46ನೆಯ ವಿಧಿ ಇದನ್ನು ಹೇಳುತ್ತದೆ. ಸರಕು ಯಾವುದು, ಯಾವ ದೇಶದ್ದು, ಯಾರಿಂದ ಕೊಂಡದ್ದು, ತೂಕವೆಷ್ಟು, ಬೆಲೆಯೆಷ್ಟು, ಸುಂಕದ ಪಟ್ಟಿಯಲ್ಲಿ ಅದರ ಅಂಕೆ ಯಾವುದು, ಏನಾದರೂ ರಿಯಾಯಿತಿ ಕೇಳುವುದುಂಟೆ, ಇವೆಲ್ಲ ಅದರಲ್ಲಿರಬೇಕು. 2011ರಿಂದ ಈಚೆಗೆ ಸುಂಕದ ಲೆಕ್ಕವನ್ನು ಮೊದಲು ಹಾಕಬೇಕಾದವನು ಸರಕಿನ ಧಣಿಯೇ. ಅಧಿಕಾರಿಯ ಕೆಲಸ ಅದನ್ನು ತಾಳೆ ನೋಡುವುದು. ಬಹಳ ಮಂದಿ ಇದನ್ನು ಕ್ಲಿಯರಿಂಗ್ ಏಜೆಂಟರ ಮೂಲಕ ಮಾಡಿಸುತ್ತಾರೆ. ಕಾನೂನಿನಲ್ಲಿ ಈಗ ಅವರ ಹೆಸರು ಕಸ್ಟಮ್ಸ್ ಬ್ರೋಕರ್. ಏಜೆಂಟರು ಬರೆದರೂ ಹೊಣೆಯಿಂದ ಧಣಿ ತಪ್ಪಿಸಿಕೊಳ್ಳುವಂತಿಲ್ಲ.

ಹಿಂದೆ ಈ ಪಟ್ಟಿ ಕಾಗದದ ಮೇಲೆ ನಡೆಯುತ್ತಿತ್ತು. ನಾಲ್ಕು ಪ್ರತಿ ಮಾಡಬೇಕು. ನೇರವಾಗಿ ಬಳಕೆಗೆ ಒಯ್ಯುವ ಸರಕಿಗೆ ಬಿಳಿಯ ಹಾಳೆ. ಸುಂಕ ಕೊಡದೆ ಬಾಂಡಿನ ಗೋದಾಮಿಗೆ ಹಾಕುವ ಸರಕಿಗೆ ಹಳದಿ. ಅಲ್ಲಿಂದ ಮುಂದೆ ಬಿಡಿಸಿಕೊಳ್ಳುವಾಗ ಹಸುರು. ಹಾಳೆ ಮೇಜಿನಿಂದ ಮೇಜಿಗೆ ನಡೆಯುತ್ತಿತ್ತು, ಜೊತೆಯಲ್ಲಿ ಏಜೆಂಟರ ಗುಮಾಸ್ತನೂ ನಡೆಯುತ್ತಿದ್ದ. 1995ರಲ್ಲಿ ದೆಹಲಿಯಲ್ಲಿ ಗಣಕಯಂತ್ರದ ವ್ಯವಸ್ಥೆ ಪ್ರಾರಂಭವಾಯಿತು. ಕ್ರಮೇಣ ದೇಶದ ದೊಡ್ಡ ಬಂದರು, ವಿಮಾನ ನಿಲ್ದಾಣಗಳನ್ನೆಲ್ಲ ವ್ಯಾಪಿಸಿತು. ‘ಐಸ್‌ಗೇಟ್’ ಎಂಬ ಬಾಗಿಲಿನ ಮೂಲಕ ಈಗ ಚಳ್ಳಕೆರೆಯಲ್ಲಿ ಕುಳಿತೇ ಚೆನ್ನೈಗೋ ಮಂಗಳೂರಿಗೋ ಬಿಲ್ ಕಳುಹಿಸಬಹುದು. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಇನ್ನೊಂದು ಪದ್ಧತಿ ಪ್ರಾರಂಭವಾಗಿ, ಅದೇ ವರ್ಷದ ಅಕ್ಟೋಬರ್ ಕೊನೆಯ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿತು. ಅದರಂತೆ ಬೆಂಗಳೂರಿಗೆ ಬಂದ ಸರಕಿನ ಬಿಲ್ಲನ್ನು ಬೇರೆ ಯಾವುದೋ ಊರಿನ ಅಧಿಕಾರಿ ಪರೀಕ್ಷಿಸಬಹುದು; ಧಣಿ ಅವನ ಮುಖ ಕಾಣ, ಅವನು ಧಣಿಯ ಮುಖ ಕಾಣ. ಇದರಿಂದ ಅಲೆದಾಟ ತಪ್ಪಿತು, ಕೈಬಿಸಿ ಮಾಡುವ ಅವಕಾಶವೂ ಕಡಮೆಯಾಯಿತು. ಒಳ್ಳೆಯದೇ. ಆದರೆ ಯಂತ್ರ ನಿಂತ ದಿನ, ‘ಸ್ವಾಮಿ, ಇದನ್ನು ಸ್ವಲ್ಪ ನೋಡಿ’ ಎಂದು ಹೇಳಲು ಎದುರಿಗೆ ಮೇಜು ಇಲ್ಲದಂತಾಯಿತು.

ಈಗಿನ ನಿಯಮದಂತೆ ಬಿಲ್ ಒಪ್ಪಿಸಿದಂತಾಗುವುದು ಯಾವಾಗ? ನೀವು ವಿವರ ತುಂಬಿದಾಗ ಅಲ್ಲ, ಗುಂಡಿ ಒತ್ತಿದಾಗಲೂ ಅಲ್ಲ. ಯಂತ್ರ ಅದಕ್ಕೆ ಒಂದು ಸಂಖ್ಯೆಯನ್ನು ಕೊಟ್ಟಾಗ. ಆ ಸಂಖ್ಯೆ ಹುಟ್ಟಿದ ಗಳಿಗೆಯೇ ಬಿಲ್ಲಿನ ಜನ್ಮಕಾಲ. ಯಂತ್ರ ನಿಂತಿದ್ದರೆ ಸಂಖ್ಯೆಯಿಲ್ಲ. ಸಂಖ್ಯೆಯಿಲ್ಲದಿದ್ದರೆ ಕಾನೂನಿನ ಕಣ್ಣಿಗೆ ಬಿಲ್ಲೇ ಇಲ್ಲ. ಇಷ್ಟರಲ್ಲಿ ಮೂರು ಗಡಿಯಾರಗಳು ಮಾತ್ರ ಓಡುತ್ತಲೇ ಇರುತ್ತವೆ.

ಮೊದಲನೆಯದು ವಾಯಿದೆಯ ಗಡಿಯಾರ. 2021ರ ತಿದ್ದುಪಡಿಯ ಪ್ರಕಾರ, ಸಾಮಾನ್ಯವಾಗಿ ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಒಪ್ಪಿಸಿರಬೇಕು. ರಜೆಯ ದಿನವೂ ಲೆಕ್ಕಕ್ಕೆ ಉಂಟು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ತೆರಬೇಕೆಂದು 2018ರ ನಿಯಮಗಳು ಹೇಳಿದವು. ಸುಂಕ ಕಟ್ಟುವುದು ತಡವಾದರೆ ನೂರಕ್ಕೆ 15ರ ಬಡ್ಡಿ ಬೇರೆ.

ಎರಡನೆಯದು ಬಾಡಿಗೆಯ ಗಡಿಯಾರ. ಬಂದರಿನ ಅಂಗಳಕ್ಕೆ ಬಾಡಿಗೆ, ಹಡಗಿನ ಕಂಪನಿಯ ಕಂಟೇನರಿಗೆ ಬಾಡಿಗೆ. ಇವು ಸರಕಾರದ ಯಂತ್ರ ಓಡಿತೆ ನಿಂತಿತೆ ಎಂದು ವಿಚಾರಿಸಿ ಏರತಕ್ಕವಲ್ಲ.

ಮೂರನೆಯದು ಸುಂಕದ ದರದ ಗಡಿಯಾರ. ಎಲ್ಲಕ್ಕಿಂತ ಭಯಂಕರವಾದದ್ದು ಇದೇ. ಕಾನೂನಿನ 15ನೆಯ ವಿಧಿಯಂತೆ, ಬಿಲ್ ಒಪ್ಪಿಸಿದ ದಿನ ಯಾವ ದರವಿತ್ತೋ ಅದೇ ದರ. ಹಡಗಿಗಿಂತ ಮುಂಚೆಯೇ ಬಿಲ್ ಒಪ್ಪಿಸಿದ್ದರೆ, ಹಡಗು ಒಳಬರಲು ಅನುಮತಿ ಪಡೆದ ದಿನದ ದರ. ಬಾಂಡಿನ ಗೋದಾಮಿನಲ್ಲಿಟ್ಟ ಸರಕಾದರೆ, ಬಿಡಿಸಿಕೊಳ್ಳಲು ಬಿಲ್ ಒಪ್ಪಿಸಿದ ದಿನದ ದರ. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲಿನ ಒಟ್ಟು ಆಮದು ಸುಂಕ ನೂರಕ್ಕೆ 5.5ರಿಂದ 27.5ಕ್ಕೆ ಏರಿತು. ಲೆಕ್ಕ ಹಾಕಿ ನೋಡಿ. ಒಂದು ಕೋಟಿ ರೂಪಾಯಿನ ಎಣ್ಣೆ ಬಂದರಿನ ಬಾಂಡ್ ತೊಟ್ಟಿಯಲ್ಲಿದೆ. 13ರಂದು ಸಂಖ್ಯೆ ಸಿಕ್ಕಿದರೆ ಸುಂಕ ಐದೂವರೆ ಲಕ್ಷ. 14ರಂದು ಸಿಕ್ಕಿದರೆ ಇಪ್ಪತ್ತೇಳೂವರೆ ಲಕ್ಷ. ಒಂದು ರಾತ್ರಿಯ ಅಂತರ ಇಪ್ಪತ್ತೆರಡು ಲಕ್ಷ ರೂಪಾಯಿ. 2025ರ ಮೇ 31ರಂದು ಅದೇ ಸುಂಕವನ್ನು 16.5ಕ್ಕೆ ಇಳಿಸಿದರು, ಆಗ ಒಂದು ದಿನ ಕಾದವನಿಗೆ ಲಾಭ. ಇಂಥ ಸಂಧಿಕಾಲದಲ್ಲಿ ಯಂತ್ರ ಅರ್ಧ ದಿನ ನಿಂತರೂ ಒಬ್ಬ ಸಣ್ಣ ವ್ಯಾಪಾರಿಯ ಬಂಡವಾಳ ಕರಗಿಹೋಗಬಹುದು.

ದಿನವಷ್ಟೇ ಅಲ್ಲ, ಗಳಿಗೆಯೂ ಮುಖ್ಯ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. 2019ರ ಫೆಬ್ರವರಿ 16ರಂದು, ಪುಲ್ವಾಮಾ ದುರಂತದ ಎರಡು ದಿನಗಳ ತರುವಾಯ, ಪಾಕಿಸ್ತಾನದ ಸರಕುಗಳ ಮೇಲೆ ನೂರಕ್ಕೆ 200ರ ಸುಂಕ ಹೇರಿದ ಪ್ರಕಟಣೆ ಹೊರಬಿತ್ತು. ಅದು ರಾಜ್ಯಪತ್ರದಲ್ಲಿ ವಿದ್ಯುನ್ಮಾನ ರೂಪದಲ್ಲಿ ಪ್ರಕಟವಾದದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅಟ್ಟಾರಿ ಗಡಿಯಲ್ಲಿ ಅದೇ ದಿನ ಅದಕ್ಕೆ ಮುಂಚೆ ಬಿಲ್ ಒಪ್ಪಿಸಿದ್ದ ವ್ಯಾಪಾರಿಗಳಿಂದಲೂ ಹೊಸ ದರವನ್ನು ಕೇಳಿದರು. ಜಿ. ಎಸ್. ಚಟ್ಠಾ ರೈಸ್ ಮಿಲ್ಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ 2020ರ ಸೆಪ್ಟೆಂಬರ್ 23ರಂದು ತೀರ್ಪಾಯಿತು. ಪ್ರಕಟಣೆಗೆ ಜೀವ ಬಂದದ್ದು ಅದು ಪ್ರಕಟವಾದ ಗಳಿಗೆಯಿಂದ. ಅದಕ್ಕೆ ಮುಂಚಿನ ಬಿಲ್ಲಿಗೆ ಹಳೆಯ ದರವೇ ಸಲ್ಲುತ್ತದೆ ಎಂದು ನ್ಯಾಯಾಧೀಶರು ನಿರ್ಣಯಿಸಿದರು. ಯಂತ್ರ ಬರೆದಿಟ್ಟ ಗಳಿಗೆ ವ್ಯಾಪಾರಿಯನ್ನು ಕಾಪಾಡಿತು. ಯಂತ್ರ ನಿಂತ ದಿನ ಆ ಸಾಕ್ಷಿ ದೊರೆಯುವುದಿಲ್ಲ. ಸಾಕ್ಷಿಯನ್ನು ನಾವೇ ಸಿದ್ಧಮಾಡಿಟ್ಟುಕೊಳ್ಳಬೇಕು.

ಯಂತ್ರ ನಿಲ್ಲುವುದು ಕಲ್ಪನೆಯ ಮಾತಲ್ಲ. 2017ರ ಜೂನ್ 27ರಂದು ಜಗತ್ತಿನ ಅನೇಕ ಕಂಪನಿಗಳ ಗಣಕಯಂತ್ರಗಳಿಗೆ ಒಂದು ದುಷ್ಟ ಕ್ರಮವಿಧಿ ಹೊಕ್ಕು, ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ಲಿನ ಕೆಲಸ ಕೆಟ್ಟಿತು. 2023ರ ಏಪ್ರಿಲ್ 1ರಿಂದ ಸುಂಕ ಕಟ್ಟಲು ಹೊಸ ವಿದ್ಯುನ್ಮಾನ ಖಾತೆಯ ಪದ್ಧತಿ ಬಂದಾಗ ಹಣ ಕಟ್ಟುವುದೇ ದುಸ್ತರವಾಯಿತು. ಸರಕು ಬಂದರುಗಳಲ್ಲಿ ನಿಂತಿತು. ಆಗ ಸರಕಾರ ಆದೇಶ ಹೊರಡಿಸಿ ಆ ದಿನಗಳ ಬಡ್ಡಿಯನ್ನು ಮನ್ನಾ ಮಾಡಿತು. ಸುಂಕದವನೂ ಒಮ್ಮೊಮ್ಮೆ ಕಷ್ಟ ಕೇಳುತ್ತಾನೆ ಎಂಬುದಕ್ಕೆ ಇದು ನಿದರ್ಶನ. ಆದರೆ ಮನ್ನಾ ಆದದ್ದು ಸರಕಾರದ ಬಡ್ಡಿ. ಹಡಗಿನವರ ಬಾಡಿಗೆ ಆ ಆದೇಶಕ್ಕೆ ಸೇರಿದ್ದಲ್ಲ.

ಹಾಗಾದರೆ ಮಾಡತಕ್ಕದ್ದೇನು?

ಮೊದಲು, ನಿಂತದ್ದು ಯಾವುದು ಎಂದು ತಿಳಿದುಕೊಳ್ಳಿ. ಕಸ್ಟಮ್ಸ್‌ನವರ ಯಂತ್ರವೋ, ಬ್ಯಾಂಕಿನದೋ, ಬಂದರಿನದೋ, ಅಥವಾ ನಮ್ಮೂರಿನ ತಂತಿಯೋ? ನಮ್ಮ ಕಡೆ ವಿದ್ಯುತ್ತು ಹೋಗಿ ಕೆಲಸ ನಿಂತರೆ ಅದು ಕಸ್ಟಮ್ಸ್‌ನವರ ತಪ್ಪಾಗುವುದಿಲ್ಲ. ಅಂಥ ಸಮಯದಲ್ಲಿ ಬಂದರಿನಲ್ಲಿರುವ ಸೇವಾಕೇಂದ್ರಕ್ಕೆ ಏಜೆಂಟರು ಕಾಗದ ಒಯ್ದು ಅಲ್ಲಿಂದಲೇ ಬಿಲ್ ತುಂಬಿಸಬಹುದು. ಅಲ್ಲಿಯೂ ಆಗದೆಂದರೆ ಮಾತ್ರ ಯಂತ್ರವೇ ನಿಂತಿದೆಯೆಂದು ತಿಳಿಯಬೇಕು.

ಎರಡನೆಯದಾಗಿ, ಆ ಗಳಿಗೆಯಲ್ಲೇ ದಾಖಲೆ ಮಾಡಿ. ಪರದೆಯ ಮೇಲೆ ಬಂದ ತಪ್ಪಿನ ಸೂಚನೆಯನ್ನು ದಿನ, ಗಂಟೆ ಕಾಣುವಂತೆ ಚಿತ್ರ ತೆಗೆದಿಡಿ. ಐಸ್‌ಗೇಟಿನ ಸಹಾಯಕೇಂದ್ರಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಸಂಬಂಧಪಟ್ಟ ಕಚೇರಿಗೆ ಇ-ಅಂಚೆ ಬರೆಯಿರಿ. ತಡವಾದುದಕ್ಕೆ ಸಾಕಷ್ಟು ಕಾರಣವಿರಲಿಲ್ಲವೆಂದು ಅಧಿಕಾರಿಗೆ ಕಂಡುಬಂದರೆ ತಾನೆ ದಂಡ? ಕಾರಣವಿತ್ತೆಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿರಲಿ. ‘ಅವತ್ತು ಯಂತ್ರ ಇರಲಿಲ್ಲ ಸ್ವಾಮಿ’ ಎಂದು ಆರು ತಿಂಗಳ ಮೇಲೆ ಬಾಯಲ್ಲಿ ಹೇಳಿದರೆ, ಗಾದೆಯ ಮಾತೇ ನಿಜವಾಗುತ್ತದೆ.

ಮೊಳಕಾಲ್ಮೂರು ಸೀಮೆಯವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಆಜ್ಞೆ ಸುವರ್ಣಗಿರಿಯಿಂದ ಹೊರಟದ್ದು, ಇಸಿಲದ ಮಹಾಮಾತ್ರರಿಗೆ ಬಂದದ್ದು ಎಂದು ಮೊದಲಿಗೇ ಹೇಳಿದೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಚಪಡ ಎಂದು ತಿಳಿಸಿ, ಲಿಪಿಕಾರನೆಂಬ ಮಾತನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಯಾರಿಂದ ಯಾರಿಗೆ, ಬರೆದವರು ಯಾರು. ಈ ಮೂರು ಇದ್ದರೆ ಎರಡು ಸಾವಿರದ ಇನ್ನೂರು ವರ್ಷಗಳ ಮೇಲೂ ದಾಖಲೆ ಮಾತನಾಡುತ್ತದೆ.

ಮೂರನೆಯದಾಗಿ, ಕಾಗದದ ಬಿಲ್ಲಿಗೆ ಅಪ್ಪಣೆ ಕೇಳಿ. ಯಂತ್ರದ ಮೂಲಕ ಒಪ್ಪಿಸುವುದು ಸಾಧ್ಯವಿಲ್ಲದಾಗ ಬೇರೆ ರೀತಿಯಲ್ಲಿ ಒಪ್ಪಿಸಲು ಕಮಿಷನರು ಅನುಮತಿ ಕೊಡಬಹುದೆಂದು 46ನೆಯ ವಿಧಿಯಲ್ಲೇ ಹೇಳಿದೆ. ಇದು ತಾನಾಗಿ ಬರುವ ಹಕ್ಕಲ್ಲ, ಅನುಮತಿ ಬೇಕು. ಕೇಳುವ ಪತ್ರದಲ್ಲಿ ಸರಕು ಯಾವುದು, ತಡವಾದರೆ ಆಗುವ ನಷ್ಟವೇನು ಎಂದು ಚುಟುಕಾಗಿ ಬರೆಯಿರಿ. ಔಷಧಿ, ಕೆಡುವ ಪದಾರ್ಥ, ನಿಂತ ಕಾರ್ಖಾನೆಯ ಯಂತ್ರಭಾಗ, ಇವುಗಳಿಗೆ ಮೊದಲ ಸ್ಥಾನ ಕೇಳುವುದು ನ್ಯಾಯ. ಪತ್ರಕ್ಕೆ ಸ್ವೀಕೃತಿಯ ಮೊಹರು, ವೇಳೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ನಾಲ್ಕನೆಯದು, ಸರಕನ್ನು ಇಡುವ ವಿಚಾರ. ಬಿಡಿಸಿಕೊಳ್ಳುವುದು ತಡವಾಗುವಂತಿದ್ದರೆ, 49ನೆಯ ವಿಧಿಯಂತೆ ಸರಕನ್ನು ಮೂವತ್ತು ದಿನಗಳವರೆಗೆ ಗೋದಾಮಿನಲ್ಲಿಡಲು ಅನುಮತಿ ಕೇಳಬಹುದು. ಬಂದರಿನ ಅಂಗಳದ ಬಾಡಿಗೆಗಿಂತ ಅದು ಅಗ್ಗವೇ ಎಂದು ಲೆಕ್ಕ ಹಾಕಿ. ಜೊತೆಗೇ ಹಡಗಿನ ಕಂಪನಿಗೂ ಅಂಗಳದವರಿಗೂ ಅದೇ ದಿನ ಪತ್ರ ಬರೆದು ಬಾಡಿಗೆಯಲ್ಲಿ ರಿಯಾಯಿತಿ ಕೇಳಿ. ಕೊಡಲೇಬೇಕೆಂಬ ಕಟ್ಟಿಲ್ಲ, ಆದರೆ ಕೇಳದವನಿಗೆ ಕೊಡುವವರು ಯಾರು?

ಐದನೆಯದು ಹಣದ ಜಾಗರೂಕತೆ. ಬ್ಯಾಂಕಿನಿಂದ ಸುಂಕದ ಹಣ ಹೋಗಿದೆ, ಕಸ್ಟಮ್ಸ್ ಖಾತೆಯಲ್ಲಿ ಕಾಣುತ್ತಿಲ್ಲ; ಇಂಥ ಹೊತ್ತಿನಲ್ಲಿ ಗಾಬರಿಯಿಂದ ಎರಡನೆಯ ಸಲ ಕಟ್ಟಬೇಡಿ. ಬ್ಯಾಂಕಿನ ಉಲ್ಲೇಖ ಸಂಖ್ಯೆ ಹಿಡಿದು ಮೊದಲು ವಿಚಾರಿಸಿ. ಎರಡು ಸಲ ಹೋದ ಹಣ ಹಿಂದಕ್ಕೆ ಬರುತ್ತದೆ, ನಿಜ. ಅದಕ್ಕೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಕಾಯಬೇಕು. ಸಾಲದ ಮೇಲೆ ವ್ಯಾಪಾರ ಮಾಡುವವನಿಗೆ ಆ ಕಾಯುವಿಕೆಯೇ ಒಂದು ದಂಡ. ಹಾಗೆಯೇ ಅವಸರದ ದಿನವೆಂದು ಏಜೆಂಟರಿಗೆ ಖಾಲಿ ಹಾಳೆಯ ಮೇಲೆ ರುಜು ಹಾಕಿ ಕೊಡಬೇಡಿ. ಕೈಬರಹದ ಬಿಲ್ಲಿನಲ್ಲಿ ಒಂದು ಅಂಕೆ ತಪ್ಪಿದರೆ ತಡೆಯಲು ಯಂತ್ರವಿಲ್ಲ. ತೂಕ, ಬೆಲೆ, ಸುಂಕದ ಅಂಕೆಗಳನ್ನು ನೀವೇ ಮತ್ತೊಮ್ಮೆ ಓದಿ.

ಕೊನೆಯದು, ಯಂತ್ರ ಮತ್ತೆ ಎದ್ದ ಮೇಲಿನ ಕೆಲಸ. ಇದನ್ನು ಮರೆಯುವವರೇ ಹೆಚ್ಚು. ಕಾಗದದ ಮೇಲೆ ಬಿಟ್ಟ ಸರಕಿನ ವಿವರ ಯಂತ್ರದ ಲೆಕ್ಕಕ್ಕೂ ಸೇರಿತೆ ಎಂದು ನೋಡಿಕೊಳ್ಳಬೇಕು. ಅದೇ ಸರಕಿಗೆ ಎರಡು ಬಿಲ್ ಆಗಿರಬಾರದು. ಬ್ಯಾಂಕಿಗೆ ತೋರಿಸಲೂ, ಜಿ.ಎಸ್.ಟಿ.ಯಲ್ಲಿ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಲೂ ಆ ದಾಖಲೆ ಬೇಕು. ಹೊರದೇಶಕ್ಕೆ ಹಣ ಹೋದದ್ದಕ್ಕೆ ಸರಕು ಬಂದ ಸಾಕ್ಷಿ ಎಲ್ಲಿ ಎಂದು ಬ್ಯಾಂಕು ಕೇಳಿದಾಗ, ಯಂತ್ರದಲ್ಲಿ ಇಲ್ಲದ ಬಿಲ್ಲು ತಲೆನೋವಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಒಂದು ಮಾತು ಉಳಿಯುತ್ತದೆ. ಇವೆಲ್ಲ ಕೆಟ್ಟ ಮೇಲಿನ ಚಿಕಿತ್ಸೆ. ಕೆಡುವ ಮುಂಚಿನ ಪಥ್ಯ ಒಂದೇ: ಕೊನೆಯ ದಿನಕ್ಕೆ ಕಾಯದಿರುವುದು. ಹಡಗು ಬರುವ ಮೂವತ್ತು ದಿನ ಮುಂಚಿನಿಂದಲೇ ಬಿಲ್ ಒಪ್ಪಿಸಲು ಕಾನೂನು ಅವಕಾಶ ಕೊಟ್ಟಿದೆ. ದರದ ಏರಿಳಿತದಿಂದ ಇದು ಕಾಪಾಡದು. ಆದರೆ ತಡದ ದಂಡದಿಂದ ಕಾಪಾಡುತ್ತದೆ. ಸರಕಿನ ಪಟ್ಟಿ, ಹಡಗಿನ ರಸೀತಿ, ವಿಮೆಯ ಕಾಗದ, ಇವುಗಳ ಒಂದೊಂದು ಅಚ್ಚಿನ ಪ್ರತಿ ಮನೆಯಲ್ಲೂ ಏಜೆಂಟರಲ್ಲೂ ಇರಲಿ.

ದೊಡ್ಡ ಆಮದುದಾರನಿಗೆ ಬಂದರಿನಲ್ಲಿ ಕಚೇರಿಯಿರುತ್ತದೆ, ವಕೀಲರಿರುತ್ತಾರೆ. ನಾಲ್ಕು ದಿನದ ಬಾಡಿಗೆಯನ್ನು ಅವನು ತಡೆದುಕೊಳ್ಳುತ್ತಾನೆ. ಚಳ್ಳಕೆರೆಯ ಗಿರಣಿಗೆ ಒಂದು ಹೊಸ ಯಂತ್ರವನ್ನೋ, ಮೊಳಕಾಲ್ಮೂರಿನ ಮಗ್ಗಗಳಿಗೆ ನಾಲ್ಕು ಮೂಟೆ ನೂಲನ್ನೋ ತರಿಸಿದ ಸಣ್ಣವನಿಗೆ ಆ ನಾಲ್ಕು ದಿನವೇ ವರ್ಷದ ಲಾಭ. ನೂಲು ಬಾರದೆ ಮಗ್ಗ ನಿಂತರೆ ನೇಕಾರನ ಮನೆಯಲ್ಲಿ ಅಂದಿನ ಕೂಲಿಯಿಲ್ಲ. ಆದುದರಿಂದ ಯಂತ್ರ ನಿಂತ ಕೂಡಲೇ, ನಿಂತಿದೆಯೆಂದು ಗಂಟೆ ಸಮೇತ ಸಾರ್ವಜನಿಕವಾಗಿ ಪ್ರಕಟಿಸುವುದೂ, ಕಾಗದದ ದಾರಿಯನ್ನು ತಡಮಾಡದೆ ತೆರೆಯುವುದೂ ಅಧಿಕಾರಿಗಳ ಧರ್ಮ. ಆ ಪ್ರಕಟಣೆಯನ್ನು ಹಿಡಿದು ತನ್ನ ಹಕ್ಕನ್ನು ಬರಹದಲ್ಲಿ ಕೇಳುವುದು ವ್ಯಾಪಾರಿಯ ಧರ್ಮ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಹೊರದೇಶದ ಸರಕು ತರಿಸುವವರು ಯಾರಾದರೂ ಇದ್ದರೆ, ಈ ನಾಲ್ಕು ಮಾತನ್ನು ಅವರ ಕಿವಿಗೂ ಹಾಕಿ.